ಮಾರ್ಕೆಟ್‌ಗೆ ಕಾಲಿಟ್ಟರೆ ಗೇಮ್ ಜರ್ಕ್ ಹೊಡೆಯುತ್ತದೆ: ಬದಲಿಸಬೇಕಾದ್ದು ಪ್ರೊಸೆಸರೋ, ಕಾರ್ಡೋ?

ದಾವಣಗೆರೆಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಸೈಬರ್‌ಪಂಕ್ 2077 ಆಡಬೇಕು ಅಂತ ಮೂರು ವರ್ಷದಿಂದ ಆಸೆ. ಹೋದ ತಿಂಗಳು ಹಳೆಯ 1650 ಗ್ರಾಫಿಕ್ಸ್ ಕಾರ್ಡ್ ತೆಗೆದು ಆರ್‌ಟಿಎಕ್ಸ್ 3060 ಹಾಕಿದೆ, 12 ಜಿಬಿಯದು, ಸೆಕೆಂಡ್ ಹ್ಯಾಂಡ್. ಪ್ರೊಸೆಸರ್ ಮೊದಲಿನದೇ, ರೈಜೆನ್ 5 3600. ಮದರ್‌ಬೋರ್ಡ್ ಬಿ450, ರ‍್ಯಾಮ್ 16 ಜಿಬಿ. ಗೇಮ್ ಇರುವುದು ಎಸ್‌ಎಸ್‌ಡಿಯಲ್ಲಿ. ಮಾನಿಟರ್ 1080ಪಿ, 144 ಹರ್ಟ್ಸ್.

ಗೇಮಿನೊಳಗೆ ಊರಾಚೆ ಮರುಭೂಮಿಯಲ್ಲಿ ಕಾರು ಓಡಿಸಿದರೆ 70ರ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮ್ ಅಂತ), ನಮ್ಮೂರ ಬೆಣ್ಣೆ ಹಾಗೆ ಜಾರುತ್ತದೆ. ಚೆರ್ರಿ ಬ್ಲಾಸಮ್ ಮಾರ್ಕೆಟ್‌ಗೆ ಕಾಲಿಟ್ಟರೆ 40ಕ್ಕೆ ಬೀಳುತ್ತದೆ, ನಡುನಡುವೆ ನಿಂತು ನಿಂತು ಹೋಗುತ್ತದೆ. ಸೆಟ್ಟಿಂಗ್ಸ್ ಹೈನಿಂದ ಲೋಗೆ ಇಳಿಸಿದೆ. ಕಾರ್ಡಿನ ಹೊರೆ ಇಳಿಸುವ ಡಿಎಲ್‌ಎಸ್‌ಎಸ್ ಹಾಕಿದೆ. ಅದೇ 40! ಕಾರ್ಡ್ ಸಾಲದು, 4060 ತಗೋ ಅನ್ನುತ್ತಾನೆ ತಮ್ಮ. ಅಂಗಡಿಯವರು ಬೋರ್ಡು, ಪ್ರೊಸೆಸರು, ರ‍್ಯಾಮು ಎಲ್ಲ ಹೊಸದು ಹಾಕಿಸಿ ಅನ್ನುತ್ತಾರೆ. ಇಂಥದೇ ಸೆಟ್ ಇಟ್ಟುಕೊಂಡವರು ನಿಮಗೆ ಹೇಗೆ ಓಡುತ್ತಿದೆ ಹೇಳಿ.

ಮೈಸೂರಿನಿಂದ:

ಗುರು, ಸದ್ಯಕ್ಕೆ ಒಂದು ರೂಪಾಯಿನೂ ಬಿಚ್ಚಬೇಡಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಲೋಗೆ ಇಳಿಸಿದರೂ ಅದೇ 40 ಅಂದಿರಲ್ಲ, ಅಲ್ಲೇ ಕಳ್ಳ ಸಿಕ್ಕಿಬಿದ್ದ. ಕಾರ್ಡ್ ಸಾಲದೆ ಹೋಗಿದ್ದರೆ ಅದರ ಹೊರೆ ಇಳಿಸಿದ ಕೂಡಲೇ ಎಫ್‌ಪಿಎಸ್ ಏರಬೇಕಿತ್ತು. ಏರಲಿಲ್ಲ ಅಂದರೆ ಕಾರ್ಡ್ ಸುಮ್ನೆ ಕೈಕಟ್ಟಿ ಕೂತಿದೆ.

ನಿಮ್ಮೂರಿನ ದೋಸೆ ಹೋಟೆಲನ್ನೇ ನೆನೆಸಿಕೊಳ್ಳಿ. ಕಾರ್ಡ್ ಅಂದರೆ ಕಾದ ಹೆಂಚು. ಪ್ರೊಸೆಸರ್ ಅಂದರೆ ಆರ್ಡರ್ ನೋಡಿ ಹಿಟ್ಟು ಹೊಯ್ಯುವವನು. ಯಾರು ಎಲ್ಲಿ ನಡೆಯುತ್ತಿದ್ದಾರೆ, ಯಾವ ಕಾರು ಎಲ್ಲಿ ತಿರುಗುತ್ತಿದೆ, ಈ ಫ್ರೇಮಿನಲ್ಲಿ ಏನೇನು ಬಿಡಿಸಬೇಕು, ಅದೆಲ್ಲ ಲೆಕ್ಕ ಅವನದು. ಲೆಕ್ಕ ಮುಗಿಯದೆ ಹೆಂಚಿಗೆ ಏನೂ ಬೀಳುವುದಿಲ್ಲ. 60 ಎಫ್‌ಪಿಎಸ್ ಬೇಕು ಅಂದರೆ ಒಂದೊಂದು ಫ್ರೇಮಿಗೂ ಸಿಗುವುದು 16.7 ಮಿಲಿಸೆಕೆಂಡು. ಮರುಭೂಮಿಯಲ್ಲಿ ಜನ ಇಲ್ಲ, ಲೆಕ್ಕ ಸಲೀಸು. ಮಾರ್ಕೆಟ್ ಅಂದರೆ ಹಬ್ಬದ ಹಿಂದಿನ ದಿನದ ದೇವರಾಜ ಮಾರ್ಕೆಟ್. ಅಲ್ಲಿ ನಿಮ್ಮ ಹುಡುಗನಿಗೆ ಒಂದು ಫ್ರೇಮಿಗೆ 25 ಮಿಲಿಸೆಕೆಂಡ್ ಹಿಡಿಯುತ್ತಿದೆ. ಅದೇ ನಿಮ್ಮ 40. ಈಗ ಹೋಗಿ ದೊಡ್ಡ ಹೆಂಚು ತಂದರೆ ಏನು ಬಂತು?

ಡಿಎಲ್‌ಎಸ್‌ಎಸ್ ಕೆಲಸಕ್ಕೆ ಬರಲಿಲ್ಲ ಅನ್ನುವುದಕ್ಕೂ ಇದೇ ಕಾರಣ. 1080ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ಚಿತ್ರ ಬಿಡಿಸುವುದು 720ಪಿಯಲ್ಲಿ, ಆಮೇಲೆ ಹಿಗ್ಗಿಸಿ ತೋರಿಸುತ್ತದೆ. ಕಾರ್ಡಿನ ಕೆಲಸ ಕಡಿಮೆ ಆಯಿತು. ಬೀದಿಯಲ್ಲಿರುವ ಜನರೇನು ಕಡಿಮೆ ಆದರಾ? ಪ್ರೊಸೆಸರ್‌ಗೆ ಅಷ್ಟೇ ಕೆಲಸ. ಬೆಳಕು, ನೆರಳು ನಿಜದ ಹಾಗೆ ಬಿಡಿಸುವ ರೇ ಟ್ರೇಸಿಂಗ್ ಹಾಕಿದರಂತೂ ಕಾರ್ಡಿನ ಜೊತೆ ಪ್ರೊಸೆಸರ್ ಮೇಲೂ ಹೊರೆ ಏರುತ್ತದೆ. ಅದನ್ನು ಸುಮಾರು ಜನ ಮರೆಯುತ್ತಾರೆ.

ನಂಬಿಕೆ ಬರದಿದ್ದರೆ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ಜಿಪಿಯು (ಅಂದರೆ ಕಾರ್ಡ್) ಯೂಸೇಜು, ಪ್ರೊಸೆಸರಿನ ಒಂದೊಂದು ಥ್ರೆಡ್ಡಿನ ಯೂಸೇಜು, ಒಂದೊಂದು ಫ್ರೇಮಿಗೂ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮ್ ಗೆರೆ, ಇಷ್ಟು ಬರುವಂತೆ ಮಾಡಿ. ನನ್ನದೂ ಇದೇ ಜೋಡಿ. ಮರುಭೂಮಿಯಲ್ಲಿ ಜಿಪಿಯು 98ರಲ್ಲಿ ಕೂತಿರುತ್ತದೆ, ಫ್ರೇಮ್‌ಟೈಮ್ ಗೆರೆ ಸಪಾಟು. ಮಾರ್ಕೆಟಿನ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಜಿಪಿಯು 70ಕ್ಕೆ ಬರುತ್ತದೆ, ಗೆರೆ ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು. 2020ರ ಡಿಸೆಂಬರ್‌ನಲ್ಲಿ ಗೇಮ್ ಬಂದಾಗ 1080ಪಿ ಹೈಗೆ ಕಂಪನಿಯವರು ಹೇಳಿದ್ದ ಪ್ರೊಸೆಸರ್ ರೈಜೆನ್ 3 3200ಜಿ. 2023ರಲ್ಲಿ 2.0 ಅಪ್‌ಡೇಟ್‌ಗೆ ಮುಂಚೆ ಆ ಪಟ್ಟಿ ತಿದ್ದಿದರು. ರೆಕಮೆಂಡೆಡ್ ಜಾಗದಲ್ಲಿ ಈಗ ಕೋರ್ ಐ7 12700, ಇಲ್ಲವೇ ರೈಜೆನ್ 7 7800 ಎಕ್ಸ್3ಡಿ. ಕಾರ್ಡ್ ಯಾವುದು ಗೊತ್ತಾ? ಆರ್‌ಟಿಎಕ್ಸ್ 2060 ಸೂಪರ್. ನಿಮ್ಮ 3060 ಅದಕ್ಕಿಂತ ಹಿಂದೆ ಬಿದ್ದಿಲ್ಲ. ಎಸ್‌ಎಸ್‌ಡಿ ಬೇಕೇ ಬೇಕು ಅಂತ ಬರೆದದ್ದೂ ಆಗಲೇ. ಈ ಗೇಮಿಗೆ ಎಲ್ಲಿ ಹಸಿವು ಜಾಸ್ತಿ ಅಂತ ಅವರೇ ಹೇಳಿದ್ದಾರೆ, ನಾವೇ ಓದುವುದಿಲ್ಲ ಅಷ್ಟೆ.

ಕ್ರೌಡ್ ಡೆನ್ಸಿಟಿ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಹೈನಿಂದ ಮೀಡಿಯಂಗೆ ತನ್ನಿ. ನನಗೆ ಮಾರ್ಕೆಟಿನಲ್ಲಿ ಎಂಟು ಫ್ರೇಮ್ ವಾಪಸ್ ಬಂತು. ಬೀದಿ ಒಂಚೂರು ಬಣಗುಡುತ್ತದೆ, ಆಡುವಾಗ ಲಕ್ಷ್ಯಕ್ಕೆ ಬರುವುದಿಲ್ಲ.

ಉಡುಪಿಯಿಂದ:

ಮೇಲಿನವರು ಹೇಳಿದ್ದು ಸರಿ. ಆದರೆ 3600ಗೆ 40 ಅಂದರೆ ತುಂಬಾ ಕಡಿಮೆ ಆಯಿತು ಮಾರಾಯ್ರೆ. 16 ಜಿಬಿ ಅಂದಿರಿ, ಅದು ಒಂದೇ ಸ್ಟಿಕ್ಕೋ, 8ರದ್ದು ಎರಡೋ? ಒಂದೇ ಆದರೆ ಪ್ರೊಸೆಸರ್‌ಗೆ ಮೆಮೊರಿಯಿಂದ ಡೇಟಾ ಬರುವ ದಾರಿ ಅರ್ಧ ಆಗುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿ. ಬಲಗಡೆ ಕೆಳಗೆ ಸ್ಪೀಡ್ ಎಷ್ಟು, ಸ್ಲಾಟ್ ಎಷ್ಟು ಅಂತ ಇರುತ್ತದೆ. ಅದನ್ನು ನೋಡಿ ಹೇಳಿ.

ಹುಬ್ಬಳ್ಳಿಯಿಂದ:

ಮಾನಿಟರ್ ಕೇಬಲ್ ಕಾರ್ಡಿಗೆ ಚುಚ್ಚಿದ್ದೀರಾ, ಬೋರ್ಡಿಗೆ ಚುಚ್ಚಿದ್ದೀರಾ ನೋಡ್ರಿ ಮೊದಲು. ನಮ್ಮ ಮಾವನ ಮಗ ಆರು ತಿಂಗಳು ಹಾಗೇ ಆಡಿದ್ದ.

ಉಡುಪಿಯಿಂದ:

ಸರ್, 3600ರಲ್ಲಿ ಗ್ರಾಫಿಕ್ಸೇ ಇಲ್ಲ. ಬೋರ್ಡಿಗೆ ಚುಚ್ಚಿದರೆ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಅವರು 40 ನೋಡಿದ್ದಾರೆ ಅಂದರೆ ಕೇಬಲ್ ಸರಿಯಾಗಿಯೇ ಇದೆ.

ಹುಬ್ಬಳ್ಳಿಯಿಂದ:

ಹೌದಲ್ಲ! ನಮ್ಮವನದು ಇಂಟೆಲ್ ಇತ್ತು.

ಶಿವಮೊಗ್ಗದಿಂದ:

ನಾನು 3600ರಿಂದ ರೈಜೆನ್ 5 5600 ಪ್ರೊಸೆಸರ್‌ಗೆ ಹೋದವನು, ಬೋರ್ಡ್ ಬದಲಿಸದೆ. ಬಿ450ಕ್ಕೆ ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ 5600 ಕೂರುತ್ತದೆ. ಎಲ್ಲ ಹೊಸದು ಹಾಕಿಸಿ ಅಂದ ಅಂಗಡಿಯವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಎರಡರಲ್ಲೂ ಆರೇ ಕೋರು, ಹನ್ನೆರಡೇ ಥ್ರೆಡ್ಡು. ಎರಡರಲ್ಲೂ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ಮೆಮೊರಿ, 32 ಎಂಬಿ. ಕಾಗದದ ಮೇಲೆ ನೋಡಿದರೆ ಅಣ್ಣತಮ್ಮ. ಮನೆ ಕಟ್ಟಿದ ರೀತಿ ಬೇರೆ. 3600ರಲ್ಲಿ ಮೂರು ಮೂರು ಕೋರಿನ ಎರಡು ಗುಂಪು, ಒಂದೊಂದಕ್ಕೆ 16 ಎಂಬಿ. ಈ ಕೋಣೆಯವನಿಗೆ ಆ ಕೋಣೆಯ ಸಾಮಾನು ಬೇಕಾದರೆ ಸುತ್ತು ಹಾಕಿಕೊಂಡು ಹೋಗಬೇಕು. 5600ರಲ್ಲಿ ನಡುಗೋಡೆ ಒಡೆದಿದ್ದಾರೆ, ಆರಕ್ಕೂ ಸೇರಿ ಒಂದೇ 32. ಗೇಮಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ನನ್ನ 3060 ಜೊತೆಗೆ ಮಾರ್ಕೆಟಿನಲ್ಲಿ ಸರಾಸರಿ ಏರಿತು. ಅದಕ್ಕಿಂತ ಹೆಚ್ಚಾಗಿ 1% ಲೋ, ಅಂದರೆ ತೀರಾ ನಿಧಾನದ ನೂರಕ್ಕೊಂದು ಫ್ರೇಮಿನ ಎಫ್‌ಪಿಎಸ್, ಏರಿತು. ಜರ್ಕ್ ಅನ್ನುತ್ತೇವಲ್ಲ, ಅದನ್ನು ಹಿಡಿಯುವುದು ಸರಾಸರಿ ಅಲ್ಲ, ಈ 1% ಲೋ. ಸರಾಸರಿ 60 ಇದ್ದು ಲೋ 25 ಇದ್ದರೆ ಕಣ್ಣು 25ನ್ನೇ ನೋಡುತ್ತದೆ.

ಹಾಗಾಗಿ ಮೈಸೂರಿನವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಈಗ ದುಡ್ಡು ಬಿಚ್ಚಬೇಡಿ ಅನ್ನುವುದು ಸರಿ. ಇದೇ ಗೇಮಿನ ಹೆಚ್ಚುವರಿ ಭಾಗ ಫ್ಯಾಂಟಮ್ ಲಿಬರ್ಟಿ ಆಡುವ ಆಸೆ ಇದ್ದರೆ ಮಾತ್ರ ಒಂದಲ್ಲ ಒಂದು ದಿನ ಪ್ರೊಸೆಸರ್ ಬದಲಿಸುತ್ತೀರಿ. ಅದರಲ್ಲಿ ಬರುವ ಡಾಗ್‌ಟೌನ್ ಬಡಾವಣೆಯ ಮುಂದೆ ಮಾರ್ಕೆಟ್ ಏನೂ ಅಲ್ಲ.

ಎಚ್ಚರಿಕೆ ಒಂದೇ. ಬಯೋಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಬೋರ್ಡ್ ಹೋದ ಹಾಗೆಯೇ. ನಾನು ಮಾಡಿದ್ದು ಜುಲೈನಲ್ಲಿ, ಹೊರಗೆ ಮಳೆ ಸುರಿಯುತ್ತಿತ್ತು. ಪರ್ಸೆಂಟ್ 60 ದಾಟಿದಾಗ ಟ್ಯೂಬ್‌ಲೈಟ್ ಆರಿತು. ಯುಪಿಎಸ್ ಕೀ ಕೀ ಅಂತ ಕೂಗಿಕೊಳ್ಳುತ್ತಿದೆ, ನಾನು ಕತ್ತಲಲ್ಲಿ ಪರದೆಯ ಬಿಳಿ ಪಟ್ಟಿ ನೋಡುತ್ತಾ ಕೂತಿದ್ದೇನೆ. ಅಷ್ಟು ಟೆನ್ಷನ್ ಗೇಮಿನಲ್ಲೂ ಆಗಿರಲಿಲ್ಲ.

ಕಲಬುರಗಿಯಿಂದ:

ಬಿಸಿಲಿನ ಮಾತು ಯಾರೂ ಎತ್ತಲಿಲ್ಲವಲ್ಲ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಹೊರಗೆ 42 ಡಿಗ್ರಿ, ರೂಮಿನೊಳಗೆ 36. 3600 ಜೊತೆ ಡಬ್ಬದಲ್ಲೇ ಬರುವ ಚಿಕ್ಕ ಕೂಲರ್ ಇದೆಯಲ್ಲ, ಅದು ನವೆಂಬರ್‌ಗೆ ಸಾಕು, ಏಪ್ರಿಲ್‌ಗೆ ಸಾಲದು. ನನ್ನದು 90 ದಾಟುತ್ತಿತ್ತು. ಅದರ ಮಿತಿಯೇ 95. ಅಲ್ಲಿಗೆ ಹತ್ತಿರ ಹೋದರೆ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ. 4.2 ಗಿಗಾಹರ್ಟ್ಸ್ ಮುಟ್ಟಬೇಕಾದ್ದು 3.6ರ ಆಸುಪಾಸಿಗೆ ಬಂದು ನಿಂತಿತ್ತು.

ಕೂಲರ್ ಬಿಚ್ಚಿ ನೋಡಿದರೆ ರೆಕ್ಕೆಗಳ ಸಂದಿಯಲ್ಲಿ ಧೂಳು ಹಾಸಿಗೆಯ ಹತ್ತಿ ಹಾಗೆ ಗಟ್ಟಿಯಾಗಿ ಕೂತಿತ್ತು, ಉಗುರಲ್ಲಿ ಎತ್ತಿದರೆ ಒಂದೇ ತುಂಡಾಗಿ ಬಂತು. ಅಡಿಯ ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಒರೆಸಿ ಹೊಸ ಪೇಸ್ಟ್ ಹಚ್ಚಿದೆ, 12 ಡಿಗ್ರಿ ಇಳಿಯಿತು. ಬಿಚ್ಚುವಾಗ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಆ ಕಡೆ ಈ ಕಡೆ ತಿರುವಿ ಮೆಲ್ಲಗೆ ತೆಗೆಯಿರಿ. ಇಲ್ಲದಿದ್ದರೆ ಪ್ರೊಸೆಸರ್ ಸಾಕೆಟ್ ಬಿಟ್ಟು ಅದಕ್ಕೇ ಅಂಟಿಕೊಂಡು ಬರುತ್ತದೆ, ಪಿನ್ ಬಗ್ಗುತ್ತವೆ. ನನಗೆ ಎರಡು ಪಿನ್ ಬಗ್ಗಿದ್ದವು, ಸೂಜಿಯಲ್ಲಿ ನೆಟ್ಟಗೆ ಮಾಡುವಷ್ಟರಲ್ಲಿ ಅಂಗಿ ಒದ್ದೆ.

ಬೆಂಗಳೂರಿನಿಂದ:

ನನ್ನದು ಐ5 12400ಎಫ್, ಕಾರ್ಡ್ ರೇಡಿಯಾನ್ 6600, ಅದೂ 8 ಜಿಬಿಯದು. ನನಗೆ ಕಷ್ಟ ಉಲ್ಟಾ. ಪ್ರೊಸೆಸರ್ ಆರಾಮಾಗಿದೆ, ಕಾರ್ಡ್ ಬೆವರುತ್ತದೆ. ನಿಮ್ಮ ಮಾರ್ಕೆಟ್ ಗಲಾಟೆ ತೀರಿದ ಮೇಲೆ ಬೇಕಾಗಬಹುದು ಅಂತ ಹೇಳುತ್ತೇನೆ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಅನ್ನುವುದನ್ನು ಎಲ್ಲಕ್ಕಿಂತ ಮೇಲಿನ ಸೈಕೋ ಮಟ್ಟದಲ್ಲಿ ಬಿಡಲೇಬೇಡಿ, ಎಫ್‌ಪಿಎಸ್ ತಿನ್ನುವ ಬಾಬತ್ತು ಅದು. ವಾಲ್ಯುಮೆಟ್ರಿಕ್ ಫಾಗ್ ಮೀಡಿಯಂ ಇಡಿ. ಉಳಿದದ್ದು ಹೈ ಇದ್ದರೂ ನಡೆಯುತ್ತದೆ. ಟೆಕ್ಸ್‌ಚರ್ ನಿಮಗೆ 12 ಜಿಬಿ ಇದೆ, ಹೈನಲ್ಲೇ ಇರಲಿ.

ರೇ ಟ್ರೇಸಿಂಗ್ ನನ್ನ ಕಾರ್ಡಿಗೆ ಆಗದ ಮಾತು, ಆಫ್. 3060ಯಲ್ಲಿ ಡಿಎಲ್‌ಎಸ್‌ಎಸ್ ಜೊತೆ ಫೋಟೋ ತೆಗೆಯುವುದಕ್ಕೆ ಚೆನ್ನ. ಗುಂಡು ಹಾರಿಸುವುದಕ್ಕೆ ಅಲ್ಲ.

ಇನ್ನೊಂದು, ಎಫ್‌ಪಿಎಸ್‌ಗೆ ಒಂದು ಲಗಾಮು ಹಾಕಿ. 144 ಹರ್ಟ್ಸ್ ಮಾನಿಟರ್ ಅಂದರೆ 72 ಅಥವಾ 48, ಸಮವಾಗಿ ಭಾಗ ಆಗುತ್ತದೆ. 70ಕ್ಕೂ 45ಕ್ಕೂ ಉಯ್ಯಾಲೆ ಆಡುವುದಕ್ಕಿಂತ 48ರಲ್ಲಿ ಗಟ್ಟಿ ನಿಂತರೆ ಕೈಗೆ ಹಿತ. ಮೂಲೆಯ ನಂಬರ್ ನೋಡುತ್ತಾ ಕೂರುವ ರೋಗ ಮಾತ್ರ ಹತ್ತಿಸಿಕೊಳ್ಳಬೇಡಿ. ನಾನು ಮೊದಲ ವಾರ ಕಥೆ ನೋಡಿದ್ದಕ್ಕಿಂತ ಅದನ್ನು ನೋಡಿದ್ದೇ ಜಾಸ್ತಿ.

ದಾವಣಗೆರೆಯಿಂದ, ಮತ್ತೆ:

ಎಲ್ಲರಿಗೂ ದೊಡ್ಡ ನಮಸ್ಕಾರ. ಉಡುಪಿಯವರೇ, ನಿಮಗೆ ಬೆಣ್ಣೆ ದೋಸೆ ಬಾಕಿ. ಟಾಸ್ಕ್ ಮ್ಯಾನೇಜರ್ ತೆಗೆದರೆ ಸ್ಪೀಡ್ 2133, ಸ್ಲಾಟ್ ನಾಲ್ಕರಲ್ಲಿ ಒಂದು. ಡಬ್ಬದ ಮೇಲೆ 3200 ಅಂತ ದಪ್ಪಕ್ಕೆ ಬರೆದಿದೆ! ಡಬ್ಬದ ಮೇಲಿನ ಸ್ಪೀಡಿಗೆ ಓಡಿಸುವ ಎಕ್ಸ್‌ಎಂಪಿಯನ್ನು ಬಯೋಸ್‌ನಲ್ಲಿ ಆನ್ ಮಾಡೇ ಇರಲಿಲ್ಲ. ನಾಲ್ಕು ವರ್ಷ ಹೀಗೇ ಓಡಿಸಿದ್ದೇನೆ.

ಗೆಳೆಯನ ಹತ್ತಿರ ಅದೇ ಕಂಪನಿಯ 16ರ ಸ್ಟಿಕ್ ಇತ್ತು, ಒಂದು ವಾರಕ್ಕೆ ಇಸಕೊಂಡೆ. ಮೊದಲು ಅಕ್ಕಪಕ್ಕದ ಸ್ಲಾಟಿಗೆ ತುರುಕಿದ್ದೆ. ಮ್ಯಾನ್ಯುಯಲ್ ನೋಡಿದ ಮೇಲೆ ಗೊತ್ತಾಯಿತು, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಎಕ್ಸ್‌ಎಂಪಿ ಆನ್ ಮಾಡಿದೆ. ಎರಡು ಸಲ ಸ್ಕ್ರೀನ್ ಬರದೆ ಹೆದರಿಸಿತು, ಮೂರನೆಯ ಸಲ ಬಂತು.

ಮಾರ್ಕೆಟಿನಲ್ಲಿ ಅದೇ ಮೆಟ್ಟಿಲು, ಅದೇ ಸೇವ್, ಸೆಟ್ಟಿಂಗ್ಸ್ ಹೈ. 40 ಇದ್ದದ್ದು 54. ಕ್ರೌಡ್ ಮೀಡಿಯಂ ಮಾಡಿದರೆ 61. 1% ಲೋ ಎಷ್ಟಿತ್ತೆಂದು ಮೊದಲು ನೋಡಿರಲಿಲ್ಲ, ಈಗ 43. ಜಿಪಿಯು 90ರ ಮೇಲಿದೆ. ಪ್ರೊಸೆಸರ್ ಬಿಸಿ 78, ಆದರೂ ಭಾನುವಾರ ಪೇಸ್ಟ್ ಬದಲಿಸುತ್ತೇನೆ, ತಿರುವಿ ತೆಗೆಯುತ್ತೇನೆ. ಸ್ಟಿಕ್ಕಿನ ದುಡ್ಡು ಗೆಳೆಯನಿಗೆ ಕೊಟ್ಟುಬಿಡುವ ಅಂತ ಇದ್ದೇನೆ, ವಾಪಸ್ ಕೊಡುವ ಮನಸ್ಸಿಲ್ಲ. ತಮ್ಮನಿಗೆ ಹೇಳಿದೆ. ಅವನು ಎದುರು ಮಾತಾಡದೆ ನನ್ನ ಹಳೆಯ 1650 ತನಗೆ ಕೊಡು ಅಂದ.

5600 ದೀಪಾವಳಿ ಹೊತ್ತಿಗೆ ನೋಡುತ್ತೇನೆ. ಶಿವಮೊಗ್ಗದವರೇ, ಬಯೋಸ್ ಹಾಕುವ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇರಬೇಕಾ?

ಶಿವಮೊಗ್ಗದಿಂದ:

ಹೌದು, ಫ್ಯಾಟ್32. ಹೊಸ ಪ್ರೊಸೆಸರ್ ಕೂರಿಸುವ ಮುಂಚೆಯೇ, ಹಳೆಯದು ಇರುವಾಗಲೇ ಅಪ್‌ಡೇಟ್ ಮುಗಿಸಿಕೊಳ್ಳಿ. ಯುಪಿಎಸ್ ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜ್ ಇರಲಿ.