ಹಳ್ಳಿ ಹಾರರ್-ಕಾಮಿಡಿ: ಕಮ್ಮಿ ರೊಕ್ಕದಾಗ ಕಲಬುರಗಿ ಕಡೆ ಹ್ಯಾಂಗ ತೆಗೀಬೇಕು?

ಕಾಗಿಣಾ ದಂಡಿ:
‘ಟಕರ್ ಅಂಡ್ ಡೇಲ್ ವರ್ಸಸ್ ಈವಿಲ್’ (2010) ನೋಡಿದವರಿಗೆ ಒಂದು ಪ್ರಶ್ನೆ. ಕಾಡಿನ ಹಳೇ ಮನಿ, ಇಬ್ಬರು ಹಳ್ಳಿ ಗೆಳೆಯರು, ರಜಾಕ್ಕ ಬಂದು ಅವರನ್ನ ಕೊಲೆಗಾರರಂತ ತಪ್ಪು ತಿಳಿಯೋ ಕಾಲೇಜು ಹುಡುಗರು. ಕೇಳಿದ್ರ ಬರೀ ರಕ್ತದ ಸಿನಿಮಾ ಅನಸ್ತದ, ನೋಡಿದ್ರ ಭಾಳ ಛಲೋ ಅದ. ಅದೇ ಧಾಟಿಯ 30 ನಿಮಿಷದ ಕಿರುಚಿತ್ರ ಚಿತ್ತಾಪುರ ಕಡೆ ಒಂದು ಫರ್ಸಿ (ಹಾಸುಗಲ್ಲು) ಮನಿ, ತೊಗರಿ ಹೊಲದಾಗ ತೆಗೀಬೇಕಂತ ಮಾಡೀವಿ. ಬಜೆಟ್ 1 ಲಕ್ಷ, ಆರು ರಾತ್ರಿ, ಬಾಡಿಗಿ ಕ್ಯಾಮೆರಾ. ಹಳ್ಳಿ ಮಂದೀನ್ನ ಕೀಳ ಮಾಡದಂಗ ನಗು ಹ್ಯಾಂಗ ತರಬೇಕು? ರಕ್ತ, ರಾತ್ರಿ ಬೆಳಕಿಗೆ ಏನ್ ಮಾಡಬೇಕು?

ತೊಗರಿ ಕಣಜ:
ಆ ಸಿನಿಮಾ ಗೆದ್ದಿದ್ದೇ ಹಳ್ಳಿಯವರನ್ನ ಒಳ್ಳೆಯವರಾಗಿ ತೋರಿಸಿದ್ದಕ್ಕೆ. ನಿರ್ದೇಶಕ ಈಲೈ ಕ್ರೇಗ್ ಪ್ರತಿ ಸಾವಿಗೂ ಮೊದಲು ನಿಜ ಏನು ಅಂತ ನಮಗೆ ತೋರಿಸಿಬಿಡ್ತಾರೆ. ಆ ಇಬ್ಬರು ಗೆಳೆಯರು ನೀರಿಗೆ ಬಿದ್ದ ಹುಡುಗಿಯನ್ನ ದೋಣಿಗೆ ಎತ್ತಿಕೊಂಡು ‘ನಿಮ್ಮ ಗೆಳತಿ ನಮ್ಮ ಹತ್ರ ಇದ್ದಾಳೆ’ ಅಂತ ಕೂಗ್ತಾರೆ, ಅತ್ತ ಹುಡುಗರಿಗೆ ಅದು ಅಪಹರಣ. ಜೇನು ಬೆನ್ನುಹತ್ತಿ ಓಡುವವನ ಕೈಲಿ ಗರಗಸ ಇದೆ, ಹುಡುಗರ ಕಣ್ಣಿಗೆ ಅವನು ಕೊಲೆಗಾರ. ಈ ಕ್ರಮ ಬಿಡಬೇಡಿ: ಮೊದಲು ನಿಜ, ಆಮೇಲೆ ಹುಡುಗರ ಕಣ್ಣಿಗೆ ಕಂಡದ್ದು, ಕೊನೆಗೆ ಹಳ್ಳಿಯವನ ಗಾಬರಿ. ಹುಡುಗರ ನೋಟವನ್ನ ಮೊದಲಿಟ್ಟರೆ ಪ್ರೇಕ್ಷಕನೂ ಹೆದರ್ತಾನೆ, ನಗು ಸಾಯುತ್ತೆ. ಇಡೀ ಚಿತ್ರದಲ್ಲಿ ಒಂದೇ ಸಲ, ಆರಂಭದಲ್ಲಿ ಮಾತ್ರ ಹಾಗೆ ಮಾಡಿ.

ನಿಮಗೆ ಭಾಷೆಯೇ ಬಂಡವಾಳ. ‘ಇವತ್ತ ರಾತ್ರಿ ಎಲ್ಲಾ ರಾಶಿ ಮಾಡಿಬಿಡಮು’ ಅಂತ ರೈತ ಅಂದರೆ ತೊಗರಿ ಒಕ್ಕೋದು. ಬೆಂಗಳೂರಿನ ಹುಡುಗ ಅದನ್ನ ಕತ್ತಲಲ್ಲಿ ಗೋಡೆ ಆಚೆಯಿಂದ ಕೇಳಿದರೆ? ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ (ಭೂತಾಯಿಗೆ ಎಡೆ) ಚೆಲ್ಲುತ್ತಾ ಕೂಗೋದು ಗೊತ್ತಿಲ್ಲದವರಿಗೆ ಮಾಟದ ಹಾಗೆ ಕಾಣುತ್ತೆ. ಆದರೆ ಅದೇ ದೃಶ್ಯದಲ್ಲಿ ಬಜ್ಜಿ, ಸಜ್ಜಿ ರೊಟ್ಟಿ ಬುತ್ತಿ ಬಿಚ್ಚಿ ಕೂತ ಮನೆಯವರನ್ನೂ ತೋರಿಸಿ. ಇಲ್ಲದಿದ್ದರೆ ನಗು ಹಬ್ಬದ ಮೇಲೆ ಬೀಳುತ್ತೆ, ಅದು ತಪ್ಪು.

ಫರ್ಸಿ ಕಟ್ಟಿ:
ರಕ್ತಕ್ಕ 1 ಕೆಜಿ ಸಕ್ಕರಿ, ಅರ್ಧ ಲೀಟರ್ ನೀರು. ಸಕ್ಕರಿ ಕರಗಿ ಒಂದು ಕುದಿ ಬಂದ ಕೂಡ್ಲೇ ಇಳಸ್ರಿ, ಎಳಿ ಪಾಕ ಬಂತಂದ್ರ ಆರಿದ ಮ್ಯಾಲ ಗಟ್ಟಿ ಆಗ್ತದ. 1 ಚಮಚ ನಿಂಬಿರಸ ಹಾಕ್ರಿ, ಹರಳು ಕಟ್ಟಂಗಿಲ್ಲ. ತಿನ್ನೋ ಕೆಂಪು ಬಣ್ಣದ ಪುಡಿ 1 ಚಮಚ, ಕೋಕೋ ಪುಡಿ 2 ದೊಡ್ಡ ಚಮಚ, ನೀಲಿ ಬಣ್ಣ 2 ಹನಿ. ಕೋಕೋ ಇಲ್ಲಂದ್ರ ರಕ್ತ ಶರಬತ್ತಿನಂಗ ಬೆಳಕು ಬಿಟ್ಕೊಡ್ತದ. ಕುಂಕುಮ ಬ್ಯಾಡ, ಮೈ ಉರೀತದ. ನಮ್ ಸೆಖೆಗೆ ಬೇಗ ಒಣಗ್ತದ, ಅದಕ್ಕ 50 ಮಿಲಿ ಗ್ಲಿಸರಿನ್ ಸೇರಸ್ರಿ. ಬಟ್ಟಿಗೆ ಹಚ್ಚೋದಕ್ಕ ನಾಲ್ಕು ಹನಿ ಪಾತ್ರೆ ತೊಳಿಯೋ ಸೋಪು ಹಾಕಿದ್ರ ಕಲೆ ಹೋಗ್ತದ, ಬಾಯಿಗೆ ಹಚ್ಚೋದಕ್ಕ ಮಾತ್ರ ಹಾಕಬ್ಯಾಡ್ರಿ. ಎರಡನ್ನೂ ಬ್ಯಾರೆ ಬ್ಯಾರೆ ಬಾಟ್ಲಿಯಾಗ ತುಂಬಿ ಚೀಟಿ ಅಂಟಸ್ರಿ. ಇರುವಿ, ನೊಣ ಮುತ್ತತಾವ, ಮುಚ್ಚಳ ಬಿಗಿ ಇರಲಿ.

ಚಿಮ್ಮೋ ರಕ್ತಕ್ಕ ಕೈ ಪಂಪ್ ಹೊಸಾದೇ ತರ್ರಿ. ಬೆಳಿಗೆ ಎಣ್ಣಿ (ಕ್ರಿಮಿನಾಶಕ) ಹೊಡಿಯೋ ಪಂಪ್ ಎಷ್ಟ್ ತೊಳದ್ರೂ ಔಷಧ ಉಳೀತದ, ಕಣ್ಣಿಗೆ ಬಾಯಿಗೆ ಹೋದ್ರ ಜೀವಕ್ಕ ಅಪಾಯ. ಪಾಕ ದಪ್ಪ ಇದ್ರ ನಾಝಲ್ ಕಟ್ಕೋತದ, ಪಂಪಿಗೆ ಹಾಕೋದನ್ನ ಅರ್ಧ ನೀರು ಬೆರಸಿ ಅರಿವ್ಯಾಗ ಸೋಸ್ರಿ. ಒಬ್ಬೊಬ್ಬರಿಗೆ ಒಂದೇ ನಮೂನಿ ಅಂಗಿ ಮೂರು ಇರಲಿ, ರಕ್ತ ಇಲ್ಲದ ಶಾಟ್ ಎಲ್ಲಾ ಮೊದಲ ಮುಗಸ್ರಿ.

ಆ ಸಿನಿಮಾದಾಗ ಕಟ್ಟಿಗಿ ಪುಡಿ ಮಾಡೋ ಮಷೀನಿನಾಗ ಹುಡುಗ ಹಾರಿ ಬೀಳ್ತಾನ. ನಿಮಗ ರಾಶಿ ಮಷೀನ್ ಅದ. ನಟ ಹಂತ್ಯಾಕ ಇದ್ದಾಗ ಬೆಲ್ಟ್ ಬಿಚ್ಚಿರಬೇಕು, ಟ್ರ್ಯಾಕ್ಟರ್ ಬಂದ್ ಇರಬೇಕು, ಕೀಲಿ ಒಬ್ಬರ ಕಿಸೆಯಾಗ ಇರಬೇಕು. ಸಪ್ಪಳ ಬ್ಯಾರೆ ರೆಕಾರ್ಡ್ ಮಾಡ್ರಿ. ಮಷೀನಿನ ಬಾಯಿ, ಹಾರೋ ಕಾಲು, ಆ ಕಡೆ ಗೋಡಿಗೆ ಬೀಳೋ ಕೆಂಪು. ಮೂರೇ ಶಾಟ್ ಸಾಕು.

ಕಂದೀಲು:
ಎರೆಮಣ್ಣು ಬೆಳಕನ್ನ ನುಂಗುತ್ತೆ, ಎದುರಿಂದ ಎಷ್ಟು ಲೈಟ್ ಹಾಕಿದರೂ ನೆಲ ಕಪ್ಪು ರಂಧ್ರ. ಒಂದು ದೊಡ್ಡ ಎಲ್‌ಇಡಿಯನ್ನ ತೊಗರಿ ಸಾಲಿನ ಹಿಂದೆ ಎತ್ತರದಲ್ಲಿಟ್ಟು ಕ್ಯಾಮೆರಾ ಕಡೆ ತಿರುಗಿಸಿ, ಗಿಡದ ಅಂಚು ಹೊಳೆಯುತ್ತೆ. 5600 ಕೆಲ್ವಿನ್ (ಹಗಲಿನಂಥ ಬಿಳಿ) ಲೈಟಿಗೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 4000 ಇಟ್ಟರೆ ತಿಂಗಳ ಬೆಳಕಿನ ನೀಲಿ ಬರುತ್ತೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಬೇರೆ ಇಟ್ಟರೆ ಮನೆಯ ಬಲ್ಬು ಮಿಣುಕಬಹುದು. ಅಂಗಳದ ಫರ್ಸಿಗೆ ಎರಡು ಕೊಡ ನೀರು ಚೆಲ್ಲಿ. ಬೂದು ಕಲ್ಲು ಕಪ್ಪಾಗಿ ಮಿಂಚುತ್ತೆ, ಒಂದು ಕಂದೀಲಿನ ಹಳದಿ ಅದರ ಮೇಲೆ ಹರಿಯುವುದೇ ಒಂದು ಚಂದ. ಆದರೆ ಜಾರುತ್ತೆ, ಅಲ್ಲಿ ಓಟದ ದೃಶ್ಯ ಬೇಡ.

ಫರ್ಸಿ ಮನೆಯೊಳಗೆ ಮಾತು ಗುಂಯ್‌ಗುಡುತ್ತೆ. ಕ್ಯಾಮೆರಾಕ್ಕೆ ಕಾಣದ ಎರಡು ಗೋಡೆಗೆ ನಾಲ್ಕೈದು ಕೌದಿ ಇಳಿಬಿಡಿ, ನೆಲಕ್ಕೂ ಒಂದು ಹಾಸಿ. ಕಾಮಿಡಿಯಲ್ಲಿ ಮಾತು ಕೇಳದಿದ್ದರೆ ಏನೂ ಉಳಿಯಲ್ಲ, ರೊಕ್ಕ ಉಳಿದರೆ ಮೈಕಿಗೇ ಹಾಕಿ. ಹಳೇ ಕಲ್ಲು ಖಣಿ ಹತ್ತಿರ ರಾತ್ರಿ ಶೂಟಿಂಗ್ ಮಾತ್ರ ಬೇಡ, ಅಂಚು ಕಾಣಲ್ಲ, ಒಳಗೆ ನೀರು ನಿಂತಿರುತ್ತೆ.

ಕಾಗಿಣಾ ದಂಡಿ:
ರಾಶಿ ಮಾತು ಸ್ಕ್ರಿಪ್ಟಿಗೆ ಹಾಕ್ಲತ್ತೀವಿ. ಟೈಟಲ್ ಶಾಟಿಗೆ ಬೀದರ್ ಕೋಟಿ ಮ್ಯಾಲ ಡ್ರೋನ್ ಹಾರಸಬಹುದೇನ್ರಿ?

ತೊಗರಿ ಕಣಜ:
ಬೇಡ. ಬೀದರಿನಲ್ಲಿ ವಾಯುಪಡೆ ನೆಲೆ ಇದೆ, ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಎರಡು ಕಡೆಯ ಅನುಮತಿ ನಿಮ್ಮ ಆರು ರಾತ್ರಿಯಲ್ಲಿ ಆಗೋ ಕೆಲಸ ಅಲ್ಲ. ಫರ್ಸಿ ಮನೆಯ ಮಾಳಿಗೆ ಮೇಲೆ ನಿಂತು, ಕತ್ತಲಾಗುವ ಹೊತ್ತಿಗೆ ಹೊಲದ ದಾರಿಯಲ್ಲಿ ಒಂದೇ ದೀಪದ ಟ್ರ್ಯಾಕ್ಟರ್ ಬರೋದನ್ನ ತೆಗೀರಿ.