ಪದಚರ್ಚೆ: ಹೊಟ್ಟೆಯ ಒಳಪೊರೆ ಕಾಯುವ ಸಸ್ಯಾಂಶಗಳಿಗೆ ಏನೆನ್ನಬೇಕು?

ಬಳಗದವರಿಗೆ ನಮಸ್ಕಾರ. ಕಲಬುರಗಿಯ ಕಾಲೇಜೊಂದರ ಔಷಧಿ ಸಸ್ಯಗಳ ತೋಟಕ್ಕೆ ಫಲಕ ಬರೆಯುತ್ತಿದ್ದೇನೆ. ಜೇಷ್ಠಮಧು, ಅರಿಶಿನದ ಮಡಿಗಳ ಮುಂದೆ ‘ಗ್ಯಾಸ್ಟ್ರೋಪ್ರೊಟೆಕ್ಟಿವ್’ ಎಂಬುದನ್ನು ಕನ್ನಡದಲ್ಲಿ ಹೇಳಬೇಕು. ಹೊಟ್ಟೆಯ ಒಳಪದರಕ್ಕಾಗುವ ಹಾನಿಯನ್ನು ತಡೆಯುವಂಥದ್ದು ಎಂದರ್ಥ. ಫಲಕದಲ್ಲಿ ಹೇಳಬೇಕಾದದ್ದು ಮದ್ಯದಿಂದಾಗುವ ಹಾನಿಯ ವಿಷಯ. ನಾಳೆ ಸಂಜೆ ಫ್ಲೆಕ್ಸ್ ಅಚ್ಚಿಗೆ ಹೋಗುತ್ತದೆ. ನಮ್ಮ ದರ್ಜಿಗಳು ಕೋಟಿನ ಒಳಬಟ್ಟೆಗೆ ಹೇಳುವ ‘ಅಸ್ತರ’ ಇಲ್ಲಿ ನಡೆದೀತೇ?

*

ನಡೆಯದು. ಅಸ್ತರ ಪಾರಸಿ. ‘ಜಠರಶ್ಲೇಷ್ಮಕಲಾರಕ್ಷಕ’ ಎನ್ನಿ. ಶಾಸ್ತ್ರಕ್ಕೆ ಶಾಸ್ತ್ರದ ಮಾತೇ ಬೇಕು.

*

ಪಾರಸಿ ಎಂಬ ಒಂದೇ ಕಾರಣಕ್ಕೆ ಪದವನ್ನು ಹೊರಗಿಡುವುದನ್ನು ಬೀದರಿನವನಾದ ನಾನು ಒಪ್ಪುವುದಿಲ್ಲ. ಅರ್ಜಿ, ವಕೀಲ, ಜಮೀನು, ದವಾಖಾನೆ ಇಲ್ಲದೆ ನಮ್ಮ ಕಡೆ ಒಂದು ದಿನವೂ ಸಾಗದು. ಜಠರವೇನು ಅಚ್ಚಗನ್ನಡವೇ? ಸಂಸ್ಕೃತದಿಂದ ಬಂದರೆ ಮನೆಯವರು, ಪಾರಸಿಯಿಂದ ಬಂದರೆ ಪರಕೀಯರು ಎಂಬ ಲೆಕ್ಕ ಇನ್ನಾದರೂ ನಿಲ್ಲಬೇಕು.

ಆದರೂ ಇಲ್ಲಿ ಅಸ್ತರ ಬೇಡ. ಅದು ಹೊಲಿದು ಸೇರಿಸಿದ್ದು, ಬಿಚ್ಚಿ ಬೇರೆಯದನ್ನು ಹಾಕಬಹುದು. ಜಠರದ ಒಳಪದರ ಜೀವಂತ ಅಂಗಾಂಶ. ಲೋಳೆಯನ್ನೂ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟನ್ನೂ ಸ್ರವಿಸಿ ಆಮ್ಲದಿಂದ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಇನ್ನು ‘ಶ್ಲೇಷ್ಮ’ ಎಂದರೆ ತೋಟ ನೋಡಲು ಬಂದವರಿಗೆ ನೆನಪಾಗುವುದು ಕಫ. ಬಳಕೆಯಲ್ಲಿರುವ ‘ಲೋಳೆಪೊರೆ’ ಸಾಲದೇ? ಹಾವು ಕಳಚುವುದೂ ಪೊರೆ, ತಾಯಿ ಮಗುವನ್ನು ಪೊರೆಯುವುದೂ ಪೊರೆ. ಹೊದಿಕೆ, ಕಾಪು ಎರಡನ್ನೂ ಧ್ವನಿಸುವ ಪದ ಕೈಯಲ್ಲಿರುವಾಗ ಹತ್ತಕ್ಷರದ ಸಮಾಸ ಯಾರಿಗಾಗಿ?

‘ರಕ್ಷಕ’ದ ಬಗ್ಗೆ ನನ್ನ ತಕರಾರು ಇನ್ನೂ ಗಟ್ಟಿ. 1979ರಲ್ಲಿ ವಿಜ್ಞಾನಿ ಆಂಡ್ರೆ ರಾಬರ್ಟ್ ಮತ್ತು ಸಂಗಡಿಗರು ಇಲಿಗಳಿಗೆ ಮೊದಲು ಪ್ರಾಸ್ಟಾಗ್ಲ್ಯಾಂಡಿನ್ (ದೇಹದಲ್ಲೇ ತಯಾರಾಗುವ ಹಾರ್ಮೋನಿನಂಥ ರಾಸಾಯನಿಕ), ಆಮೇಲೆ ಮದ್ಯಸಾರ ಕೊಟ್ಟು, ಜಠರದ ಒಳಪದರ ಹಾಳಾಗುವುದು ತಪ್ಪುತ್ತದೆಂದು ತೋರಿಸಿದರು. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯಲ್ಲೂ ಇರುವ ಕ್ವೆರ್ಸೆಟಿನ್ ಮುಂತಾದವುಗಳ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದೂ ಇದೇ ಕ್ರಮದಲ್ಲಿ. ಕೊನೆಗೆ ಜಠರವನ್ನು ಸೀಳಿ ಬಿಡಿಸಿ, ರಕ್ತ ಕಟ್ಟಿದ ಕೆಂಪು ಪಟ್ಟೆಗಳನ್ನು ಅಳೆಯುತ್ತಾರೆ. ಮೊದಲೇ ಕೊಟ್ಟಾಗ ಹಾನಿ ಕಡಿಮೆಯಾಯಿತು ಎಂಬುದಷ್ಟೇ ಅಲ್ಲಿನ ಮಾತು. ಆದ ಹುಣ್ಣು ಮಾಯಿತು ಎಂದಲ್ಲ. ‘ಜಠರರಕ್ಷಕ’ ಎಂದು ದಪ್ಪಕ್ಷರದಲ್ಲಿ ಬರೆದರೆ, ಬೇರು ಜಗಿದು ಮದ್ಯ ಕುಡಿದರೆ ಬಾಧೆಯಿಲ್ಲ ಎಂದು ಓದುವವರು ಇದ್ದೇ ಇರುತ್ತಾರೆ. ಮದ್ಯದಿಂದ ಯಕೃತ್ತಿಗೆ ತಗಲುವ ಪೆಟ್ಟಿನ ಸುದ್ದಿಯೇ ಆ ಪದದಲ್ಲಿಲ್ಲ.

ಜೇಷ್ಠಮಧುವಿನ ಫಲಕಕ್ಕಂತೂ ಎಚ್ಚರಿಕೆ ಬೇಕೇ ಬೇಕು. ಅದರ ಬೇರಿನ ಅಂಶದಿಂದ ತಯಾರಿಸಿದ ಕಾರ್ಬೆನಾಕ್ಸೊಲೋನ್ ಒಂದು ಕಾಲಕ್ಕೆ ಜಠರದ ಹುಣ್ಣಿಗೆ ಔಷಧಿಯಾಗಿತ್ತು. ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬೇರನ್ನೇ ಅತಿಯಾಗಿ ತಿಂದರೂ ಅದೇ ತೊಂದರೆ.

‘ಸಸ್ಯಸತ್ವ’ ಎಂದೂ ಬರೆಯಬೇಡಿ. ಸತ್ವವೆಂದರೆ ಇಡೀ ಸಾರ. ಕರ್ಕ್ಯುಮಿನ್ ಒಂದು ಸಂಯುಕ್ತ. ನನ್ನ ಸಲಹೆ ಇದು: ‘ಜಠರದ ಲೋಳೆಪೊರೆಗೆ ಮದ್ಯದಿಂದಾಗುವ ಹಾನಿಯನ್ನು ಇಲಿಗಳಲ್ಲಿ ತಗ್ಗಿಸಿದ ಸಸ್ಯಸಂಯುಕ್ತಗಳು’. ಉದ್ದವಾಯಿತೆಂದು ‘ಇಲಿಗಳಲ್ಲಿ’ ಎಂಬುದನ್ನು ಕತ್ತರಿಸಬೇಡಿ, ಅಕ್ಷರವನ್ನು ಚಿಕ್ಕದು ಮಾಡಿ. ಅಚ್ಚಿನವರು ‘ಮದ್ಯ’ವನ್ನು ‘ಮಧ್ಯ’ ಮಾಡದಂತೆ ಕರಡನ್ನು ನೀವೇ ನೋಡಿ.