ಎಡಗಾಲು ಊದಿದೆ, ಸೂಜಿ ಅಂದ್ರೆ ಭಯ. ಸೋಮವಾರದವರೆಗೆ ಕಾಯಬಹುದಾ?

ವಿಜಯಪುರದ ಹುಡುಗಿ: ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೇಲೆ ಎಡಗಾಲಿನ ಮೀನಖಂಡ ಊದಿದೆ. ಒತ್ತಿದರೆ ನೋವು, ಮುಟ್ಟಿದರೆ ಬಿಸಿ. ಬಲಗಾಲು ಸರಿಯಾಗಿದೆ. ಗರ್ಭನಿರೋಧಕ ಮಾತ್ರೆಯನ್ನೂ ತಗೊಳ್ತಿದ್ದೇನೆ. ರಕ್ತ ಹೆಪ್ಪುಗಟ್ಟಿರಬಹುದು, ತೋರಿಸು ಅಂತ ಗೆಳತಿ ಹೇಳ್ತಾಳೆ. ಆದರೆ ಸೂಜಿ ನೋಡಿದರೆ ಸಾಕು, ಕಣ್ಣು ಕತ್ತಲೆ ಬಂದು ಬಿದ್ದೇಬಿಡುತ್ತೇನೆ. ಅವ್ವ ಎಣ್ಣೆ ಹಚ್ಚಿ ತಿಕ್ಕುತ್ತೇನೆ ಅಂತಿದ್ದಾಳೆ.

ಜಮಖಂಡಿ ಅಕ್ಕ: ಬೇಡ ತಂಗಿ, ತಿಕ್ಕಿಸಿಕೊಳ್ಳಬೇಡ. ಇವತ್ತೇ ಹೋಗು. ಮುಖ್ಯವಾದದ್ದು ಡಾಪ್ಲರ್ ಸ್ಕ್ಯಾನ್, ಅಂದ್ರೆ ರಕ್ತನಾಳ ನೋಡುವ ಅಲ್ಟ್ರಾಸೌಂಡ್, ಅದರಲ್ಲಿ ಸೂಜಿಯೇ ಇಲ್ಲ. ತಣ್ಣನೆಯ ಜೆಲ್ ಹಚ್ಚಿ, ತೊಡೆಸಂದಿಯಿಂದ ಕೆಳಗಿನವರೆಗೆ ಒತ್ತೊತ್ತಿ ನೋಡುತ್ತಾರೆ. ಒತ್ತಿದಾಗ ರಕ್ತನಾಳ ಚಪ್ಪಟೆಯಾದರೆ ಸರಿ. ಆಗದಿದ್ದರೆ ಒಳಗೆ ಹೆಪ್ಪು ಇರಬಹುದು ಅಂತ. ಹೆರಿಗೆಯಾದ ಮೇಲೆ ನನಗೂ ಹೀಗೇ ಮಾಡಿದ್ದರು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಮಾತ್ರ ಒಂದು ಕ್ಷಣವೂ ತಡ ಮಾಡದೆ 108ಕ್ಕೆ ಫೋನ್ ಮಾಡು.

ಬಾಗಲಕೋಟೆ ಲ್ಯಾಬ್‌ನವ: ಡಿ-ಡೈಮರ್ ಅಂತ, ಹೆಪ್ಪಿನ ಸುಳಿವು ನೋಡುವ ರಕ್ತ ಪರೀಕ್ಷೆ ಬರೆದುಕೊಡಬಹುದು. ‘ನನಗೆ ತಲೆ ಸುತ್ತುತ್ತದೆ, ಮಲಗಿಸಿಯೇ ತೆಗೀರಿ’ ಅಂತ ಮೊದಲೇ ಹೇಳಿ. ನಾವು ಬೇಜಾರು ಮಾಡಿಕೊಳ್ಳಲ್ಲ. ಇನ್ನೊಂದು ಕೈಯ ಮುಷ್ಟಿ ಬಿಗಿಹಿಡಿದು, ಬಿಟ್ಟು, ಮತ್ತೆ ಬಿಗಿಹಿಡಿಯಿರಿ. ಬಿಪಿ ಅಷ್ಟು ಬೇಗ ಇಳಿಯಲ್ಲ.

ವಿಜಯಪುರದ ಹುಡುಗಿ: ಅಣ್ಣ ಗಾಡಿ ತೆಗೀತಿದ್ದಾನೆ, ಹೊರಟೆ. ಹೆಪ್ಪು ಇದ್ದರೆ ದಿನಾ ಇಂಜೆಕ್ಷನ್ನಾ?

ಜಮಖಂಡಿ ಅಕ್ಕ: ಕೆಲವರಿಗೆ ಮೊದಲು ಇಂಜೆಕ್ಷನ್ ಬೇಕಾಗುತ್ತದೆ. ಈಗ ಬಹಳ ಜನಕ್ಕೆ ಮಾತ್ರೆಯಲ್ಲೇ ಶುರು ಮಾಡುತ್ತಾರೆ. ಭಯ ಇದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು.